ಮೈಕ್ ಬದಲಾಯಿಸಿದರೂ ಧ್ವನಿ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತಿದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಾನು ಒಂದು ಕೋಣೆಯಲ್ಲಿ ಕೂತು ಗಣಿತ ಪಾಠದ ವಿಡಿಯೋ ಮಾಡುತ್ತೇನೆ. ಚಿತ್ರ ಚೆನ್ನಾಗಿ ಬರುತ್ತಿದೆ. ಧ್ವನಿ ಮಾತ್ರ ಬಾವಿಯೊಳಗಿಂದ ಮಾತಾಡಿದ ಹಾಗಿದೆ. ಮೊದಲು ಕ್ಯಾಮೆರಾದಲ್ಲೇ ಇರುವ ಮೈಕ್ ಬಳಸುತ್ತಿದ್ದೆ. ಆಮೇಲೆ ಶಾಟ್‌ಗನ್ ಮೈಕ್ (ಉದ್ದ ಕೊಳವೆಯಂಥ ಮೈಕ್) ತಂದು ಕ್ಯಾಮೆರಾ ಮೇಲೆ ಕೂರಿಸಿದೆ. ಅಂಥ ವ್ಯತ್ಯಾಸ ಏನೂ ಆಗಲಿಲ್ಲ. ಇನ್ನೂ ಒಳ್ಳೆಯ ಮೈಕ್ ತಗೊಳ್ಳಬೇಕಾ?

ಉತ್ತರ: ಸದ್ಯಕ್ಕೆ ಏನೂ ತಗೊಳ್ಳಬೇಡಿ. ಮೈಕ್ ನಿಮ್ಮ ಬಾಯಿಂದ ಎಷ್ಟು ದೂರ ಇದೆ? ಕೋಣೆಯಲ್ಲಿ ಏನೇನು ಸಾಮಾನು ಇದೆ?

ಪ್ರಶ್ನೆ ಕೇಳಿದವರು: ಸುಮಾರು 2 ಮೀಟರ್ ಮೇಡಂ. ಕೋಣೆ ಹೆಚ್ಚುಕಮ್ಮಿ ಖಾಲಿ. ಒಂದು ಮೇಜು, ಕುರ್ಚಿ, ಬಿಳಿ ಬೋರ್ಡು, ಅಷ್ಟೇ.

ಉತ್ತರ: ತೊಂದರೆ ಇರುವುದು ಆ 2 ಮೀಟರ್‌ನಲ್ಲೇ. ನಿಮ್ಮ ಮಾತು ಮೈಕ್‌ಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಬಾಯಿಂದ ನೇರವಾಗಿ. ಇನ್ನೊಂದು, ಗೋಡೆ, ನೆಲ, ಚಾವಣಿಗೆ ಬಡಿದು ವಾಪಸ್ ಬರುವುದು. ಬಡಿದು ಬರುವ ಸದ್ದು ಮೈಕ್ ಅನ್ನು ಕೋಣೆಯಲ್ಲಿ ಎಲ್ಲಿಟ್ಟರೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ನೇರ ಧ್ವನಿ ಹಾಗಲ್ಲ. ದೂರ ಅರ್ಧ ಆದಾಗಲೆಲ್ಲ ಅದು ಸುಮಾರು 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಜಾಸ್ತಿ ಆಗುತ್ತದೆ. 2 ಮೀಟರ್‌ನಲ್ಲಿದ್ದ ಮೈಕ್ ಅನ್ನು ಅರ್ಧ ಮೀಟರ್‌ಗೆ ತಂದರೆ 12 ಡೆಸಿಬೆಲ್ ಲಾಭ. ಮೈಕ್ ಬದಲಾಯಿಸಿ ಇಷ್ಟು ಗಳಿಸುವುದು ಕಷ್ಟ.

ಶಾಟ್‌ಗನ್ ಮೈಕ್ ದೂರದ ಧ್ವನಿಯನ್ನು ಹತ್ತಿರಕ್ಕೆ ಎಳೆಯುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಅದು ಎಳೆಯುವುದಿಲ್ಲ. ಪಕ್ಕದ ಸದ್ದನ್ನು ಕಮ್ಮಿ ಮಾಡುತ್ತದೆ, ಅಷ್ಟೇ. ನಿಮ್ಮ ಮೈಕ್ ಕೈಗೆ ತಗೊಂಡು ನೋಡಿ, ಕೊಳವೆಯ ಮೈಮೇಲೆ ಉದ್ದಕ್ಕೂ ಸೀಳುಗಳಿವೆ ಅಲ್ವಾ? ಪಕ್ಕದಿಂದ ಬಂದ ಸದ್ದು ಬೇರೆ ಬೇರೆ ಸೀಳಿನಿಂದ ಒಳಗೆ ಹೋಗಿ, ಸ್ವಲ್ಪ ಹಿಂದೆಮುಂದೆ ತಲುಪಿ, ಒಂದನ್ನೊಂದು ಹೊಡೆದುಹಾಕುತ್ತದೆ. ಇದು ಕೀಚಲು ಸದ್ದಿನಲ್ಲಿ ಚೆನ್ನಾಗಿ ನಡೆಯುತ್ತದೆ, ದಪ್ಪ ಸದ್ದಿನಲ್ಲಿ ಅಷ್ಟಾಗಿ ಇಲ್ಲ. ಬಯಲಲ್ಲಿ ಈ ಮೈಕ್ ನನಗೆ ಬಹಳ ಇಷ್ಟ. ಖಾಲಿ ಕೋಣೆಯಲ್ಲಿ ನಿಮ್ಮದೇ ಮಾತು ಎಲ್ಲ ಕಡೆಯಿಂದ ಬಡಿದು ಬರುತ್ತದೆ. ಅದರಲ್ಲಿ ಸ್ವಲ್ಪ ಭಾಗ ಹೋಗಿ ಉಳಿದದ್ದು ಸೇರಿಕೊಂಡಾಗ ಧ್ವನಿ ಟೊಳ್ಳಾಗುತ್ತದೆ.

ಹೀಗೆ ಮಾಡಿ. ಅದೇ ಮೈಕ್ ಅನ್ನು ಕ್ಯಾಮೆರಾದಿಂದ ಇಳಿಸಿ. ಒಂದು ಸ್ಟ್ಯಾಂಡ್‌ಗೆ ಹಾಕಿ, ನಿಮ್ಮ ತಲೆಗಿಂತ ಮೇಲೆ, ಸ್ವಲ್ಪ ಮುಂದೆ, ಫ್ರೇಮಿನ ಅಂಚಿನಿಂದ ಹೊರಗೆ ನಿಲ್ಲಿಸಿ. ಮೂತಿ ಎದೆಯ ಮೇಲ್ಭಾಗದ ಕಡೆ ಇರಲಿ. ಈಗ ಮೈಕ್ ನೆಲವನ್ನೂ ನೋಡುತ್ತಿರುತ್ತದೆ, ಅದಕ್ಕೇ ಕೆಳಗೆ ದಪ್ಪ ಕಂಬಳಿ ಹಾಸಿ. ನಿಮ್ಮ ಎದುರಿನ ಗೋಡೆಗೆ ಇನ್ನೊಂದು ಇಳಿಬಿಡಿ.

ಇನ್ನೊಬ್ಬ ಸದಸ್ಯರು: ನನ್ನದು ಬೇರೆ ಕಥೆ ಮೇಡಂ. ವೈರಿನ ಕಾಲರ್ ಮೈಕ್ ಇದೆ. ಕ್ಯಾಮೆರಾದಲ್ಲಿ ಸರಿಯಾಗಿ ಬರುತ್ತದೆ. ಫೋನ್‌ಗೆ ಚುಚ್ಚಿದರೆ ಫೋನಿನ ಸ್ವಂತ ಮೈಕ್ ಧ್ವನಿಯೇ ಬರುತ್ತದೆ. ಹಾಳಾಗಿದೆಯಾ?

ಉತ್ತರ: ಹಾಳಾಗಿರುವುದಿಲ್ಲ. ಪಿನ್ ನೋಡಿ. ಅದರ ಮೇಲೆ ಎಷ್ಟು ಕಪ್ಪು ಗೆರೆ ಇವೆ ಎಣಿಸಿ. ಎರಡು ಇದ್ದರೆ ಅದು ಟಿಆರ್‌ಎಸ್, ಕ್ಯಾಮೆರಾಗೆ ಮಾಡಿದ್ದು. ಮೂರು ಇದ್ದರೆ ಟಿಆರ್‌ಆರ್‌ಎಸ್, ಫೋನಿಗೆ ಮಾಡಿದ್ದು. ನಿಮ್ಮದು ಎರಡು ಗೆರೆಯದ್ದೇ ಇರಬೇಕು. ಟಿಆರ್‌ಎಸ್‌ನಿಂದ ಟಿಆರ್‌ಆರ್‌ಎಸ್‌ಗೆ ಹೋಗುವ ಚಿಕ್ಕ ಅಡಾಪ್ಟರ್ ಸಾಕು.

ಕಾಲರ್ ಮೈಕ್ ಅನ್ನು ಗದ್ದದಿಂದ ಒಂದು ಗೇಣು ಕೆಳಗೆ ಹಾಕಿ. ತೀರಾ ಮೇಲೆ ಹಾಕಿದರೆ ಗದ್ದದ ಮರೆಗೆ ಸಿಕ್ಕಿ ಧ್ವನಿ ಮಂಕಾಗುತ್ತದೆ. ವೈರನ್ನು ಬಟ್ಟೆಯ ಒಳಗೆ ಒಂದು ಸಣ್ಣ ಸುತ್ತು ಮಾಡಿ ಟೇಪ್ ಅಂಟಿಸಿ. ಕೈ ಆಡಿಸಿದಾಗ ಆ ಸುತ್ತು ಜಗ್ಗುತ್ತದೆ, ಮೈಕ್ ಜಗ್ಗುವುದಿಲ್ಲ. ಇನ್ನೊಂದು ವಿಷಯ, ಹೆಡ್‌ಫೋನ್ ಇಲ್ಲದೆ ಯಾವತ್ತೂ ರೆಕಾರ್ಡ್ ಮಾಡಬೇಡಿ. ಕೆಲಸ ಶುರು ಮಾಡಿದ ದಿನಗಳಲ್ಲಿ ಒಂದು ಸಂದರ್ಶನ ಪೂರ್ತಿ, ಧ್ವನಿಯ ಮಟ್ಟ ತೋರಿಸುವ ಮೀಟರ್ ನೋಡಿಕೊಂಡೇ ಮುಗಿಸಿದೆ. ಮೀಟರ್ ಸರಿಯಾಗೇ ಆಡುತ್ತಿತ್ತು. ಎಡಿಟಿಂಗ್‌ಗೆ ಕೂತಾಗ ನೋಡಿದರೆ ಅವರ ಜಾಕೆಟ್ ಮೈಕ್‌ಗೆ ಉಜ್ಜಿ ಮಾತಿನುದ್ದಕ್ಕೂ ಪರಪರ ಸದ್ದು. ಅವರು ಮತ್ತೆ ಸಿಗುವ ಹಾಗಿರಲಿಲ್ಲ. ಆ ನೋವು ಇನ್ನೂ ಇದೆ.

ಮತ್ತೊಬ್ಬರು: ರೆಕಾರ್ಡಿಂಗ್ ಲೆವೆಲ್ ಎಷ್ಟಿಡಬೇಕು? ಕ್ಯಾಮೆರಾ ತಾನೇ ಹೊಂದಿಸಿಕೊಳ್ಳಲಿ ಅಂತ ಆಟೋದಲ್ಲಿ ಬಿಟ್ಟರೆ ನಡೆಯುತ್ತದಾ?

ಉತ್ತರ: ಆಟೋ ಬೇಡ. ನೀವು ಮಾತು ನಿಲ್ಲಿಸಿದ ಕೂಡಲೇ ಅದು ಗೇನ್ (ಮೈಕ್ ಧ್ವನಿಯನ್ನು ಹಿಗ್ಗಿಸುವ ಪ್ರಮಾಣ) ಏರಿಸುತ್ತದೆ, ಹಿಂದಿನ ಗೊರ್ ಸದ್ದು ಉಬ್ಬಿ ಬರುತ್ತದೆ. ಮಾತು ಶುರುವಾದರೆ ಮತ್ತೆ ಇಳಿಸುತ್ತದೆ. ಲೆವೆಲ್ ನೀವೇ ಹೊಂದಿಸಿ, ಜೋರು ಮಾತು ಮೀಟರ್‌ನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ಮುಟ್ಟಲಿ. ಸೊನ್ನೆಗೆ ಬಡಿದರೆ ಧ್ವನಿ ಒಡೆಯುತ್ತದೆ, ಅದನ್ನು ಆಮೇಲೆ ಪೂರ್ತಿ ಸರಿ ಮಾಡಲು ಆಗುವುದಿಲ್ಲ. ವಿಡಿಯೋಗೆ ಆಡಿಯೋ ಸೆಟ್ಟಿಂಗ್‌ನಲ್ಲಿ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇಡಿ, ಬಿಟ್ ಡೆಪ್ತ್ ಸಿಕ್ಕರೆ 24 ಬಿಟ್.

ಪ್ರಶ್ನೆ ಕೇಳಿದವರು: ಮೇಡಂ, ನೀವು ಹೇಳಿದ ಹಾಗೆ ಮೈಕ್ ಮೇಲಿಂದ ಇಳಿಬಿಟ್ಟೆ, ಕಂಬಳಿ ಹಾಸಿದೆ. ಬಾವಿ ಹೋಯಿತು! ನನ್ನದೇ ಧ್ವನಿ ಅಂತ ನಂಬಿಕೆ ಬರುತ್ತಿಲ್ಲ. ಆದರೆ ಈಗ ಫ್ಯಾನ್ ಸದ್ದು ಕಿವಿಗೆ ಬೀಳುತ್ತಿದೆ.

ಉತ್ತರ: ತುಂಬಾ ಖುಷಿ ಆಯಿತು. ಫ್ಯಾನ್ ಸದ್ದು ಮೊದಲೂ ಇತ್ತು, ಗೋಡೆಯ ಸದ್ದಿನಲ್ಲಿ ಮುಚ್ಚಿಹೋಗಿತ್ತು. ರೆಕಾರ್ಡ್ ಮಾಡುವಷ್ಟು ಹೊತ್ತು ಆರಿಸಿ, ನಡುವೆ ನಿಲ್ಲಿಸಿ ಗಾಳಿ ತಗೊಳ್ಳಿ. ಪಾಠ ಮುಗಿದ ಮೇಲೆ ಕ್ಯಾಮೆರಾ ಆಫ್ ಮಾಡಬೇಡಿ. ಕೂತಲ್ಲೇ 30 ಸೆಕೆಂಡು ಸುಮ್ನೆ ಇರಿ. ಆ ಖಾಲಿ ಕೋಣೆಯ ಸದ್ದು ಎಡಿಟಿಂಗ್‌ನಲ್ಲಿ ಕತ್ತರಿಸಿದ ಜಾಗ ತುಂಬಲು ಬೇಕಾಗುತ್ತದೆ. ಮುಂದಿನ ಪಾಠದ ತುಣುಕು ಇಲ್ಲೇ ಹಾಕಿ, ಕೇಳಿ ಹೇಳುತ್ತೇನೆ.