ಸಹಾಯ ಬೇಕು: ಹಲ್ಲಿನ ಕ್ಲಿಪ್ ಜೊತೆ ವೈಬ್ರೇಷನ್ ಸಾಧನ ಬಳಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 15 ವರ್ಷ. ಹಲ್ಲಿಗೆ ಕ್ಲಿಪ್ ಹಾಕಿಸಿ ಎಂಟು ತಿಂಗಳಾಯಿತು. ನಾಲ್ಕು ಹಲ್ಲು ಕೀಳಿಸಿದ ಜಾಗ ಇನ್ನೂ ಅರ್ಧ ಕೂಡ ಮುಚ್ಚಿಲ್ಲ. ಮುಂದಿನ ವರ್ಷ ಪಿಯುಸಿಗೆ ಹಾಸ್ಟೆಲ್ ಸೇರುತ್ತಾಳೆ, ಅಷ್ಟರೊಳಗೆ ಮುಗಿದರೆ ಒಳ್ಳೆಯದು ಅಲ್ವಾ?

ಅಮೆರಿಕದಲ್ಲಿರುವ ನನ್ನ ತಮ್ಮ ಆಕ್ಸೆಲೆಡೆಂಟ್ ಎಂಬ ಸಾಧನದ ಬಗ್ಗೆ ಹೇಳಿದ. ಅದನ್ನು ಕಚ್ಚಿಕೊಂಡು ದಿನಾ 20 ನಿಮಿಷ ಕೂರಬೇಕು. ಸೆಕೆಂಡಿಗೆ 30 ಸಲ ಮೆಲ್ಲಗೆ ಅದುರುತ್ತದೆ. ಹಲ್ಲಿನ ಸುತ್ತಲಿನ ಮೂಳೆ ಕರಗಿ ಮತ್ತೆ ಕಟ್ಟಿಕೊಳ್ಳುವ ಕೆಲಸ ಇದರಿಂದ ಚುರುಕಾಗುತ್ತದೆ ಅನ್ನುವುದು ಅದರ ಹಿಂದಿನ ಲೆಕ್ಕ. ಆದರೆ ಆಪರೇಷನ್ ಇಲ್ಲದೆ ಹಲ್ಲು ಬೇಗ ಸರಿಸುವ ಇಂಥ ವಿಧಾನಗಳಿಗೆ ಪುರಾವೆ ಸಾಲದು ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಹೇಳಿದೆ. ಸುಮ್ನೆ ದುಡ್ಡು ಸುರಿಯಲು ಮನಸ್ಸಿಲ್ಲ. ನಮ್ಮ ಡಾಕ್ಟರನ್ನು ಕೇಳದೆ ಏನೂ ಮಾಡುವುದಿಲ್ಲ, ಅದಕ್ಕೂ ಮೊದಲು ನಿಮ್ಮ ಅನುಭವ ತಿಳಿಯಬೇಕು.

ಬಳಸಿದವರಿಗೆ ನಿಜವಾಗಿ ತಿಂಗಳುಗಳು ಉಳಿದವಾ? ತಂತಿ ಬಿಗಿ ಮಾಡಿದ ಮೇಲಿನ ನೋವಾದರೂ ಕಮ್ಮಿ ಆಯಿತಾ? ಅವಳು ಎರಡು ದಿನ ಗಂಜಿ ಬಿಟ್ಟು ಬೇರೇನೂ ತಿನ್ನುವುದಿಲ್ಲ, ನೋಡಲು ಆಗುವುದಿಲ್ಲ. ಗುಂಪಿನಲ್ಲಿ ಹಲ್ಲಿನ ಡಾಕ್ಟರ್ ಯಾರಾದರೂ ಇದ್ದರೆ, ಹಲ್ಲಿನ ಬೇರಿಗೆ ತೊಂದರೆ ಆಗಬಹುದಾ ಎಂದು ದಯವಿಟ್ಟು ತಿಳಿಸಿ.