ಅಪ್‌ಡೇಟ್: ಮೂರು ಸಲ ಪಂಕ್ಚರ್ ಆಗಿದ್ದಕ್ಕೆ ಕಾರಣ ಸಿಕ್ಕಿತು

ಗೆಳೆಯರ ಜೊತೆ ಆವಲಬೆಟ್ಟದ ಕಡೆ ಮೌಂಟೇನ್ ಬೈಕ್ (ಗುಡ್ಡಗಾಡಿನ ಸೈಕಲ್) ರೈಡ್ ಹೋದಾಗ ನನ್ನ ಹಿಂದಿನ ಚಕ್ರ ಮೂರು ಸಲ ಪಂಕ್ಚರ್ ಆಯಿತು, ಯಾಕೆ ಅಂತ ಹೋದ ವಾರ ಕೇಳಿದ್ದೆನಲ್ಲ?

ಗಾಳಿ ಜಾಸ್ತಿ ಹಾಕಿ ನೋಡಿದೆ, ಹೊಸ ಟ್ಯೂಬೂ ಹಾಕಿದೆ. ಎರಡೂ ಪ್ರಯೋಜನವಾಗಲಿಲ್ಲ. ಟೈರ್ ಒಳಗೆ ಹತ್ತಿ ಸವರಿ ನೋಡಿ ಅಂದವರ ಮಾತೇ ಸರಿ. ವಾಲ್ವ್‌ನಿಂದ ಒಂದು ಗೇಣು ಆಚೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ಜಾಲಿ ಮುಳ್ಳಿನ ತುದಿ, ಅರ್ಧ ಅಕ್ಕಿಕಾಳಿನಷ್ಟು. ಹೊರಗಿನಿಂದ ಕಾಣುತ್ತಲೇ ಇರಲಿಲ್ಲ! ಅದನ್ನು ಕಿತ್ತ ಮೇಲೆ ಭಾನುವಾರ 40 ಕಿ.ಮೀ. ಓಡಿಸಿದೆ, ಗಾಳಿ ಇಳಿದಿಲ್ಲ.

ಅದೇ ರೈಡ್‌ನಲ್ಲಿ ಬಿದ್ದ ಗೆಳೆಯನ ಸೈಕಲ್‌ನಲ್ಲಿ ಬಗ್ಗಿದ್ದು ಗೇರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮ್‌ಗೆ ಜೋಡಿಸುವ ಚಿಕ್ಕ ಲೋಹದ ತುಂಡು) ಮಾತ್ರ. ಫ್ರೇಮ್ ಉಳಿಯಲಿ ಅಂತಲೇ ಅದನ್ನು ಮೆದುವಾಗಿ ಮಾಡಿರುತ್ತಾರಂತೆ, ನನಗೆ ಗೊತ್ತೇ ಇರಲಿಲ್ಲ. ಹೊಸದು ಹಾಕಿಸಿದ, ಈಗ ಗೇರ್ ಸಲೀಸಾಗಿ ಬೀಳುತ್ತಿದೆ. ಹತ್ತಿಯ ಉಪಾಯ ಹೇಳಿದವರಿಗೆ ತುಂಬಾ ಥ್ಯಾಂಕ್ಸ್.