ಉದ್ಯಮಬಾಗಿನ ಫೌಂಡ್ರಿಗಳಿಗೆ ಸೂಪರ್‌ಕಂಪ್ಯೂಟರ್ ಸಮಯ ಸಿಗುವ ದಾರಿ ಇದೆಯಾ?

ಎರಕದಮನೆ, ಬೆಳಗಾವಿ:

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನಲ್ಲಿ ನಮ್ಮದೊಂದು ಚಿಕ್ಕ ಆಫೀಸಿದೆ. ಸುತ್ತಲಿನ ಫೌಂಡ್ರಿಗಳಿಗೆ (ಎರಕದ ಕಾರ್ಖಾನೆಗಳಿಗೆ) ಹೊಸ ಕಾಸ್ಟಿಂಗ್ ಆರ್ಡರ್ ಬಂದಾಗ ಡ್ರಾಯಿಂಗ್ ನಮ್ಮ ಹತ್ತಿರ ಬರುತ್ತದೆ. ಕಬ್ಬಿಣ ಸುರಿಯುವ ಮೊದಲೇ ಅದು ಮೋಲ್ಡ್ ಒಳಗೆ ಹೇಗೆ ಹರಿಯುತ್ತದೆ, ಯಾವ ಜಾಗ ಕೊನೆಗೆ ಗಟ್ಟಿಯಾಗುತ್ತದೆ ಅಂತ ಸಿಮ್ಯುಲೇಷನ್ ಮಾಡಿ ಹೇಳುತ್ತೇವೆ. ಕೊನೆಗೆ ಗಟ್ಟಿಯಾಗುವ ಕಡೆಯೇ ಶ್ರಿಂಕೇಜ್, ಅಂದರೆ ಲೋಹ ಕುಗ್ಗಿ ಒಳಗೆ ತೂತು, ಬರುವುದು. ಅಲ್ಲಿಗೆ ಸರಿಯಾಗಿ ರೈಸರ್ (ಕುಗ್ಗುವ ಜಾಗಕ್ಕೆ ಕರಗಿದ ಲೋಹ ಒದಗಿಸುವ ಹೆಚ್ಚುವರಿ ಭಾಗ) ಕೊಟ್ಟರೆ ಪೀಸ್ ಉಳಿಯುತ್ತದೆ. ಇಲ್ಲದಿದ್ದರೆ ಮಷಿನ್ ಶಾಪಿನಲ್ಲಿ ಬೋರ್ ಹೊಡೆದಾಗ ಒಳಗಿನ ತೂತು ಕಾಣುತ್ತದೆ, ಇಡೀ ಲಾಟ್ ವಾಪಸ್ ಬರುತ್ತದೆ.

ವಾಲ್ವ್ ಬಾಡಿಯಂಥ, ಒಳಗೆ ಸುತ್ತು ದಾರಿಗಳಿರುವ ಪೀಸಿಗೆ ಸಣ್ಣ ಮೆಶ್ ಬೇಕು, ಅಂದರೆ ಲೆಕ್ಕಕ್ಕೆ ಪೀಸನ್ನು ಚಿಕ್ಕ ಚಿಕ್ಕ ತುಂಡುಗಳಾಗಿ (ಸೆಲ್) ವಿಂಗಡಿಸಬೇಕು. ಮೆಶ್ ಅಳತೆ ಅರ್ಧಕ್ಕೆ ಇಳಿಸಿದರೆ ಸೆಲ್‌ಗಳು 8 ಪಟ್ಟು ಆಗುತ್ತವೆ. ಜೊತೆಗೆ ಟೈಮ್ ಸ್ಟೆಪ್ಪೂ (ಒಂದು ಲೆಕ್ಕದಿಂದ ಇನ್ನೊಂದಕ್ಕೆ ಮುಂದೆ ಹೋಗುವ ಕಾಲ) ಚಿಕ್ಕದಾಗುತ್ತದೆ. ನಮ್ಮ ವರ್ಕ್‌ಸ್ಟೇಷನ್‌ನಲ್ಲಿ ಅಂಥದ್ದೊಂದು ರನ್ ರಾತ್ರಿಯಿಡೀ ಓಡುತ್ತದೆ. ರೈಸರ್ ಅತ್ತಿತ್ತ ಸರಿಸಿ ಏಳೆಂಟು ಥರ ನೋಡಬೇಕೆಂದರೆ ವಾರ ಹೋಗುತ್ತದೆ. ಫೌಂಡ್ರಿಯವರ ಕೊಟೇಷನ್ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಮೆಶ್ ದಪ್ಪ ಮಾಡಿ, ಒಂದೆರಡು ಥರ ನೋಡಿ, ಉಳಿದದ್ದನ್ನು ಹಳೆಯ ಮೇಸ್ತ್ರಿಗಳ ಅನುಭವಕ್ಕೆ ಬಿಡುತ್ತೇವೆ.

ಸರ್ಕಾರದ ದುಡ್ಡಿನಲ್ಲಿ ಪರಮ್ ಎಂಬ ಸೂಪರ್‌ಕಂಪ್ಯೂಟರ್‌ಗಳು ಬರುತ್ತಿವೆ. ಖಾಸಗಿ ಕಂಪನಿಗಳ ಜೊತೆ ಸೇರಿ ಎಐ ಮಿಷನ್ ಕೂಡ ನಡೆದಿದೆ. ಒಂದು ಕಾಲೇಜಿನಲ್ಲಿ ಕೇಳಿದೆ. ರಿಸರ್ಚಿಗೆ ಮಾತ್ರ ಅಂದರು. ನಮಗೆ ಪುಕ್ಕಟೆ ಬೇಡ, ಗಂಟೆಗಿಷ್ಟು ಅಂತ ಕೊಡುತ್ತೇವೆ. ಯಾರಿಗಾದರೂ ದಾರಿ ಗೊತ್ತಾ?

ದ್ರವಗತಿ, ಬೆಂಗಳೂರು:

ಮೇಡಂ, ನಾನು ಸಂಶೋಧನೆಯ ಕಡೆಯವನು, ದಿನಾ ಸೂಪರ್‌ಕಂಪ್ಯೂಟರ್ ಕ್ಯೂನಲ್ಲಿ ಜಾಬ್ ಹಾಕುವವನು. ನ್ಯಾಷನಲ್ ಸೂಪರ್‌ಕಂಪ್ಯೂಟಿಂಗ್ ಮಿಷನ್ 2015ರಲ್ಲಿ ಶುರುವಾಯಿತು, 4,500 ಕೋಟಿ ರೂಪಾಯಿಯ ಯೋಜನೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮತ್ತು ನಮ್ಮ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಸೇರಿ ಜಾರಿಗೆ ತಂದದ್ದು. ಐಐಎಸ್‌ಸಿಯ ಪರಮ್ ಪ್ರವೇಗ 2022ರಲ್ಲಿ ಬಂತು, 3.3 ಪೆಟಾಫ್ಲಾಪ್ (ಒಂದು ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕ). ಇವೆಲ್ಲ ಮೊದಲಿನಿಂದಲೂ ಸಂಶೋಧಕರನ್ನು ಮನಸ್ಸಿನಲ್ಲಿಟ್ಟು ಕಟ್ಟಿದವು. ಹೊರಗಿನವರು ಒಳಗೆ ಬರಲು ನನಗೆ ಕಾಣುವ ನೇರ ದಾರಿ, ಯಾರಾದರೂ ಪ್ರೊಫೆಸರ್ ಜೊತೆ ಜಂಟಿ ಪ್ರಾಜೆಕ್ಟ್ ಮಾಡುವುದು.

ಇಂಡಿಯಾ ಎಐ ಮಿಷನ್ ಬೇರೆ ಥರ. 2024ರಲ್ಲಿ ಒಪ್ಪಿಗೆ ಸಿಕ್ಕಿದ್ದು, 10,300 ಕೋಟಿಗೂ ಜಾಸ್ತಿ. ಅಲ್ಲಿ ಜಿಪಿಯು (ಎಐ ಲೆಕ್ಕಕ್ಕೆ ಬಳಸುವ ವೇಗದ ಚಿಪ್) ಖಾಸಗಿ ಕಂಪನಿಗಳದ್ದು, ಬಾಡಿಗೆಯಲ್ಲಿ 40 ಶೇಕಡಾವರೆಗೆ ಸರ್ಕಾರ ಹಾಕುತ್ತದೆ. ಆದರೆ ಅದು ಎಐ ಕೆಲಸಕ್ಕೆ. ನಿಮ್ಮ ಸಾಲ್ವರ್ (ಸಿಮ್ಯುಲೇಷನ್ ಲೆಕ್ಕ ಮಾಡುವ ತಂತ್ರಾಂಶ) ಜಿಪಿಯು ಮೇಲೆ ಓಡುತ್ತದಾ, ಮೊದಲು ಅದನ್ನು ನೋಡಿಕೊಳ್ಳಿ. ಇಲ್ಲದಿದ್ದರೆ ಸುಮ್ನೆ ಅರ್ಜಿ ಹಾಕಿ ಪ್ರಯೋಜನವಿಲ್ಲ.

ಕೊಲಂಬಸ್ ಕನ್ನಡಿಗ:

ಅಕ್ಕಾ, ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ನಾನಿರುವ ಅಮೆರಿಕದ ಓಹಾಯೋದಲ್ಲಿ ಇದೇ ಕಷ್ಟಕ್ಕೆ ಅಂತಲೇ ಒಂದು ವ್ಯವಸ್ಥೆ ಮಾಡಿದ್ದಾರೆ.

ಇಲ್ಲಿಯ ಓಹಾಯೋ ಸೂಪರ್‌ಕಂಪ್ಯೂಟರ್ ಸೆಂಟರ್ ರಾಜ್ಯದ್ದು, 1987ರಿಂದ ಇದೆ. ಓಹಾಯೋ ಅಂದರೆ ವೆಲ್ಡಿಂಗ್, ರಬ್ಬರ್, ವಾಹನದ ಬಿಡಿಭಾಗಗಳ ನಾಡು, ಸಣ್ಣ ಸಣ್ಣ ವರ್ಕ್‌ಶಾಪ್‌ಗಳು ಜಾಸ್ತಿ. ದೊಡ್ಡ ಕಂಪನಿಗಳು ಕಂಪ್ಯೂಟರ್‌ನಲ್ಲೇ ಪರೀಕ್ಷೆ ಮಾಡುತ್ತವೆ, ಸಣ್ಣವರು ಪೀಸ್ ಮಾಡಿ ಒಡೆದು ನೋಡುತ್ತಾರೆ. ಈ ಅಂತರ ಕಡಿಮೆ ಮಾಡಬೇಕು ಅಂತ 2000ರ ದಶಕದಲ್ಲೇ ಬ್ಲೂ ಕಾಲರ್ ಕಂಪ್ಯೂಟಿಂಗ್ ಅಂತ ಶುರು ಮಾಡಿದರು. ಎಡಿಸನ್ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್ ಜೊತೆ ಸೇರಿ ಇ-ವೆಲ್ಡ್ ಪ್ರೆಡಿಕ್ಟರ್ ಮಾಡಿದರು. ವೆಲ್ಡಿಂಗ್ ಎಂಜಿನಿಯರ್ ಬ್ರೌಸರ್ ತೆರೆದು ಪ್ಲೇಟ್ ಎಷ್ಟು ದಪ್ಪ, ಯಾವ ಲೋಹ, ಎಷ್ಟು ಶಾಖ ಅಂತ ತುಂಬಿದರೆ ಸಾಕಿತ್ತು. ಲೆಕ್ಕ ತೆರೆಮರೆಯಲ್ಲಿ ಸೂಪರ್‌ಕಂಪ್ಯೂಟರ್‌ನಲ್ಲಿ ನಡೆಯುತ್ತಿತ್ತು. ಎಷ್ಟು ಸೊಟ್ಟಗಾಗುತ್ತದೆ, ಒಳಗೆ ಎಷ್ಟು ಒತ್ತಡ ಉಳಿಯುತ್ತದೆ ಅಂತ ಉತ್ತರ ಬರುತ್ತಿತ್ತು. ಲಿನಕ್ಸ್ ಕಮಾಂಡ್ ಬೇಕಿರಲಿಲ್ಲ, ಜಾಬ್ ಸ್ಕ್ರಿಪ್ಟ್ ಬೇಕಿರಲಿಲ್ಲ.

2013ರಲ್ಲಿ ಇದನ್ನೇ ದೊಡ್ಡದು ಮಾಡಿ ಆಸಿಮ್ ಅಂತ ತಂದರು, ಸುಮಾರು 64 ಲಕ್ಷ ಡಾಲರ್. ರಾಜ್ಯದ ಥರ್ಡ್ ಫ್ರಾಂಟಿಯರ್ ನಿಧಿ ಒಂದು ಪಾಲು ಹಾಕಿತು. ಪ್ರಾಕ್ಟರ್ ಆಂಡ್ ಗ್ಯಾಂಬಲ್, ಇಂಟೆಲ್ ಜೊತೆಗೆ ಬಂದವು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಆಲ್ಟಾಸಿಮ್, ಟೋಟಲ್‌ಸಿಮ್ ಎಂಬ ಸಣ್ಣ ಎಂಜಿನಿಯರಿಂಗ್ ಕಂಪನಿಗಳು. ಅವು ನಿಮ್ಮ ಆಫೀಸಿನಂಥವೇ. ಯಂತ್ರದ ಭಾಷೆಯೂ ಗೊತ್ತು, ಶಾಪ್ ಫ್ಲೋರ್ ಭಾಷೆಯೂ ಗೊತ್ತು. ಸಾರ್ವಜನಿಕ ಹಣ ಬರೀ ರ‍್ಯಾಕ್ ಖರೀದಿಗೆ ಹೋಗಲಿಲ್ಲ. ಈ ನಡುವಿನವರ ಕೈಗೂ ಕೆಲಸ ಕೊಟ್ಟಿತು. ನಮ್ಮಲ್ಲಿ ಪೆಟಾಫ್ಲಾಪ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ನಡುವೆ ಕೂರುವವರಿಗೆ ಸಂಬಳ ಯಾರು ಕೊಡುತ್ತಾರೆ ಅಂತ ಕೇಳುವವರು ಕಡಿಮೆ ಅಲ್ವಾ? ನನಗೆ ಬೇಜಾರಾಗುವುದು ಅಲ್ಲೇ.

ಇನ್ನೊಂದು. ಇದೇ ಸೆಂಟರಿನವರು ಮಾಡಿದ ಓಪನ್ ಆನ್‌ಡಿಮಾಂಡ್ ಎಂಬ ತಂತ್ರಾಂಶ ಓಪನ್ ಸೋರ್ಸ್. ಬ್ರೌಸರ್‌ನಿಂದಲೇ ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ ಗುಂಪು) ಬಳಸಲು ಬೇಕಾದ್ದೆಲ್ಲ ಅದರಲ್ಲಿದೆ. ಬೆಳಗಾವಿಯಲ್ಲಿ ಯಾವುದೇ ಕ್ಲಸ್ಟರ್ ಮೇಲೂ ಹಾಕಬಹುದು.

ಪುಣೆವಾಸಿ:

ಖಾಸಗಿಯವರು ಒಬ್ಬರೇ ಸೂಪರ್‌ಕಂಪ್ಯೂಟರ್ ಕಟ್ಟಿದ ಉದಾಹರಣೆಯೂ ನಿಮ್ಮ ಹತ್ತಿರವೇ ಇದೆ. ಟಾಟಾದವರ ಏಕಾ, ಇಲ್ಲಿ ಪುಣೆಯಲ್ಲಿ. ವೇಗದ ಸೂಪರ್‌ಕಂಪ್ಯೂಟರ್‌ಗಳ 2007ರ ನವೆಂಬರ್ ಪಟ್ಟಿಯಲ್ಲಿ ಜಗತ್ತಿಗೇ 4ನೇದು, ಸರ್ಕಾರದ ದುಡ್ಡಿಲ್ಲದೆ. ಅದನ್ನು ಕಟ್ಟಿದ ಕಂಪನಿ 2012ರಲ್ಲಿ ಟಿಸಿಎಸ್ ಒಳಗೆ ಸೇರಿತು. ಸಣ್ಣ ಫೌಂಡ್ರಿ ಬಾಗಿಲು ತಟ್ಟುವ ಜಾಗವಾಗಿ ಅಂಥ ಯಂತ್ರ ಉಳಿಯಬೇಕೆಂದರೆ ಸರ್ಕಾರದ ಪಾಲು ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಐಐಟಿ ಬಾಂಬೆಯ ಇ-ಫೌಂಡ್ರಿ ನೋಡಿದ್ದೀರಾ? ಎರಕದ ಪಾಠ, ಆನ್‌ಲೈನ್ ಸಿಮ್ಯುಲೇಷನ್ ಎರಡೂ ಪುಕ್ಕಟೆ ಕೊಟ್ಟಿದ್ದರು. ಇ-ವೆಲ್ಡ್ ಪ್ರೆಡಿಕ್ಟರ್ ಕಥೆ ನಮ್ಮ ನೆಲದಲ್ಲೂ ನಡೆಯುತ್ತದೆ ಅನ್ನಲು ಅಷ್ಟು ಸಾಕು.

ಎರಕದಮನೆ, ಬೆಳಗಾವಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇ-ಫೌಂಡ್ರಿ ಗೊತ್ತು, ನಮ್ಮ ಹೊಸ ಹುಡುಗರಿಗೆ ಹಾಟ್ ಸ್ಪಾಟ್ (ಕೊನೆಗೆ ಗಟ್ಟಿಯಾಗುವ ಜಾಗ) ಅಂದರೇನು ಅಂತ ತೋರಿಸಲು ಬಹಳ ಚೆನ್ನಾಗಿದೆ.

ಕೊಲಂಬಸ್ ಅಣ್ಣ ಹೇಳಿದ್ದು ಮನಸ್ಸಿಗೆ ನಾಟಿತು. ಇಷ್ಟು ದಿನ ನಾನು ಯಂತ್ರ ಎಲ್ಲಿದೆ ಅಂತಲೇ ಹುಡುಕುತ್ತಿದ್ದೆ. ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಇರುವುದೇ ನಮ್ಮೂರಲ್ಲಿ. ಫೌಂಡ್ರಿಯವರ ಸಂಘ ಇದೆ. ಫೌಂಡ್ರಿಗಳು ವರ್ಷಕ್ಕಿಷ್ಟು ಗಂಟೆ ಅಂತ ಮುಂಗಡ ಕೊಟ್ಟರೆ, ರಾಜ್ಯ ಯಂತ್ರದ ಪಾಲು ಹಾಕಿದರೆ, ನಮ್ಮಂಥ ನಾಲ್ಕು ಆಫೀಸಿನವರು ಪಂಪಿನ ಹೊರಕವಚಕ್ಕೆ ಒಂದು, ಬ್ರೇಕ್ ಡ್ರಮ್ಮಿಗೆ ಒಂದು ಅಂತ ಬ್ರೌಸರ್ ಅಪ್ಲಿಕೇಷನ್ ಮಾಡಿಕೊಡಬಹುದು. ಸಂಘದವರ ಮುಂದೆ ಇದನ್ನೇ ಇಡುತ್ತೇನೆ.

ಎರಡು ಸಂದೇಹ ಉಳಿದಿವೆ. ನಾವು ಬಳಸುವ ಸಾಫ್ಟ್‌ವೇರಿನ ಲೈಸೆನ್ಸ್ ಕೋರ್ (ಕಂಪ್ಯೂಟರ್ ಪ್ರೊಸೆಸರ್‌ನೊಳಗಿನ ಲೆಕ್ಕದ ಘಟಕ) ಲೆಕ್ಕದಲ್ಲಿದೆ. ಕೋರ್ ಜಾಸ್ತಿ ಸಿಕ್ಕರೆ ಲೈಸೆನ್ಸ್ ಖರ್ಚೇ ಯಂತ್ರದ ಬಾಡಿಗೆಯನ್ನು ಮೀರುತ್ತದೆ. ಎರಡನೆಯದು, ಡ್ರಾಯಿಂಗ್ ನಮ್ಮದಲ್ಲ, ಕಸ್ಟಮರದ್ದು. ಹೊರಗಿನ ಯಂತ್ರಕ್ಕೆ ಹಾಕಲು ಬಿಡುತ್ತಾರಾ?

ದ್ರವಗತಿ, ಬೆಂಗಳೂರು:

ಲೋಹ ತುಂಬುವ ಭಾಗಕ್ಕೆ ಓಪನ್‌ಫೋಮ್ ಎಂಬ ಓಪನ್ ಸೋರ್ಸ್ ತಂತ್ರಾಂಶ ನೋಡಿ, ಲೈಸೆನ್ಸ್ ದುಡ್ಡಿಲ್ಲ, ಎಷ್ಟು ಕೋರ್ ಬೇಕಾದರೂ ಹಾಕಬಹುದು. ಗಟ್ಟಿಯಾಗುವ ಭಾಗಕ್ಕೆ ಕೆಲಸ ಬೇಕು, ಅದು ಒಬ್ಬ ಎಂಟೆಕ್ ವಿದ್ಯಾರ್ಥಿಯ ಪ್ರಾಜೆಕ್ಟಿಗೆ ಒಳ್ಳೆಯ ವಿಷಯ. ನಿಮ್ಮ ಹಳೆಯ ರಿಜೆಕ್ಷನ್ ಪೀಸ್‌ಗಳನ್ನು ಕತ್ತರಿಸಿದ ಫೋಟೋ ಇದ್ದರೆ ಅವನಿಗೆ ಕೊಡಿ, ಲೆಕ್ಕ ಸರಿ ಬಂತಾ ಅಂತ ತಾಳೆ ನೋಡಲು ಅದಕ್ಕಿಂತ ಬೇಕಾದ್ದಿಲ್ಲ. ಡ್ರಾಯಿಂಗ್ ವಿಷಯಕ್ಕೆ ಕಸ್ಟಮರ್ ಹತ್ತಿರ ಮೊದಲೇ ಬರೆಸಿಕೊಳ್ಳಿ. ಶುರುವಿಗೆ ಈಗ ಯಾರೂ ಮಾಡದ ಹಳೆಯ ಪೀಸೊಂದನ್ನು ಆರಿಸಿದರೆ ಒಪ್ಪಿಗೆ ಸುಲಭವಾಗಿ ಸಿಗಬಹುದು.